ಅಪ್ಪನ ಕಾರು, ಅವ್ವನ ಹುಳುಮನೆ

ನಮ್ಮ ಮನೆಗೆ ಕಾರು ಬಂದ ದಿನ ಅವ್ವ ಹೊರಗೆ ಬರಲೇ ಇಲ್ಲ. ಅಪ್ಪ ಬೀದಿಯ ತಿರುವಿನಿಂದಲೇ ಹಾರನ್ ಒತ್ತಿಕೊಂಡು ಬಂದಿದ್ದ. ಅಜ್ಜಿ ಆರತಿ ತಟ್ಟೆ ಹಿಡಿದು ಜಗಲಿಯ ಮೇಲೆ ನಿಂತಿದ್ದಳು. ಊರಿನ ಅರ್ಧ ಜನ ಕಾರನ್ನು ಸುತ್ತಿಕೊಂಡು, ಬಾಗಿಲು ತೆಗೆಯುವವರು ತೆಗೆದು, ಸೀಟು ಅಮುಕಿ ನೋಡುವವರು ಅಮುಕಿ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವರು ನೋಡಿಕೊಂಡು ಸಂಭ್ರಮಿಸುತ್ತಿದ್ದರು. ರಾಮನಗರದ ಡಾಕ್ಟರೊಬ್ಬರು ಹದಿನೈದು ವರ್ಷ ಓಡಿಸಿ ಬಿಟ್ಟ, ಮೂತಿ ಉಬ್ಬಿದ, ಬಿಳಿ ಬಣ್ಣ ಹಳದಿಗೆ ತಿರುಗಿದ್ದ ದೊಡ್ಡ ಕಾರು ಅದು. ಅವ್ವ ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಓಡಿಹೋಗಿ ಕರೆದರೆ, ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಯ ಮೇಲೆ ಹರಡುತ್ತಲೇ, ಅದು ಎಲ್ಲಿಗೂ ಓಡಿಹೋಗಲ್ಲ, ಹೋಗುವ ಹಾಗೂ ಕಾಣಿಸುತ್ತಿಲ್ಲ, ಆಮೇಲೆ ನೋಡುತ್ತೇನೆ ಎಂದಳು. ಶಬ್ದ ಕೇಳಿಯೇ ಅವಳು ಅಷ್ಟು ಅಂದಾಜು ಮಾಡಿದ್ದಳು. ಮುಂದಿನ ಐದು ವರ್ಷ ನಾವೆಲ್ಲ ಸೇರಿ ತಳ್ಳಿದ್ದನ್ನು ನೆನೆದರೆ ಆ ಅಂದಾಜಿನಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮೂರು ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಮನೆಯಲ್ಲಿ ಒಂದು ಜಗಲಿ, ಒಂದು ನಡುಮನೆ, ಹೊಗೆ ಹಿಡಿದ ಅಡುಗೆಮನೆ. ಇವೆಲ್ಲಕ್ಕಿಂತ ದೊಡ್ಡದಾಗಿ ಪೂರ್ವಕ್ಕೆ ಹುಳುಮನೆ. ಒಳ್ಳೆಯ ಗಾಳಿ, ಒಳ್ಳೆಯ ಬೆಳಕು, ಸುಣ್ಣ ಬಳಿದ ಗೋಡೆ ಎಲ್ಲ ಹುಳುಗಳಿಗೆ. ಉಳಿದ ಜಾಗದಲ್ಲಿ ಮನುಷ್ಯರು ಮಲಗುತ್ತಿದ್ದೆವು. ಹುಳುಮನೆಗೆ ಅವ್ವನದೇ ಕಾನೂನು. ತಲೆಗೆ ವಾಸನೆ ಎಣ್ಣೆ ಹಚ್ಚಿಕೊಂಡವರು, ಪೌಡರು ಬಳಿದವರು, ಬೀಡಿ ಸೇದಿದವರು ಹೊಸಿಲು ದಾಟುವಂತಿರಲಿಲ್ಲ. ಹುಳು ಎಳೆಯದಿದ್ದಾಗ ಮನೆಯಲ್ಲಿ ಊದುಬತ್ತಿ ಹಚ್ಚಬೇಕಾದರೆ ಅಜ್ಜಿಯೂ ಅವ್ವನನ್ನು ಕೇಳಬೇಕಿತ್ತು. ಇಂಥ ಮನೆಗೆ ಅಪ್ಪ ಹೊಗೆ ಕಾರುವ ಒಂದು ಯಂತ್ರ ತಂದಿದ್ದ. ಅದಕ್ಕೆ ನೆರಳು ಬೇಕೆಂದ. ಅಂಗಳದಲ್ಲಿ ನೆರಳಿದ್ದದ್ದು ಹುಳುಮನೆಯ ಗೋಡೆಗೆ ಒರಗಿಸಿ ಇಳಿಸಿದ್ದ ಚಪ್ಪರದ ಕೆಳಗೆ ಮಾತ್ರ. ಚಪ್ಪರಕ್ಕೆ ಸರಿಯಾಗಿ ಹುಳುಮನೆಯ ಕಿಟಕಿ ಇತ್ತು.

"ಆ ಹೊಗೆ ಕಿಟಕೀಲಿ ಬಂದ್ರೆ ಒಂದ್ ಹುಳಾನೂ ಗೂಡು ಕಟ್ಟಕಿಲ್ಲ," ಎಂದಳು ಅವ್ವ.

"ಒಸಿ ಹೊಗೆಗೆ ಏನೂ ಆಗಕಿಲ್ಲ ಕಣೆ," ಎಂದ ಅಪ್ಪ.

"ಹಂಗಾರೆ ನೀವೇ ಅದರ ಹಿಂದ್ಗಡೆ ಮೂಗಿಟ್ಟು ಒಂದ್ ಗಳಿಗೆ ಕುಂತ್ಕಳಿ. ಆಮ್ಯಾಕೆ ಮಾತಾಡಾನ."

ಮೂರು ದಿನ ಈ ಜಗಳ ನಡೆಯಿತು. ಮೂರು ದಿನವೂ ಕಾರು ಬಿಸಿಲಲ್ಲಿ ನಿಂತಿತ್ತು. ಅಪ್ಪ ತನ್ನ ಹೊದಿಕೆಯನ್ನೇ ಅದಕ್ಕೆ ಹೊದಿಸಿದ್ದ. ಕೊನೆಗೆ ಒಂದು ಒಪ್ಪಂದವಾಯಿತು. ಕಾರು ಚಪ್ಪರದ ಕೆಳಗೇ ಇರಲಿ, ಆದರೆ ಇಂಜಿನ್ ಅಂಗಳದೊಳಗೆ ಎಂದೂ ಚಾಲೂ ಆಗಕೂಡದು. ಹೊರಡುವಾಗ ಬೀದಿಯವರೆಗೆ ತಳ್ಳಬೇಕು, ಬರುವಾಗ ಬೀದಿಯಲ್ಲೇ ಆರಿಸಿ ಒಳಕ್ಕೆ ತಳ್ಳಬೇಕು. ಒಪ್ಪಂದ ಆದದ್ದು ಅವರಿಬ್ಬರ ನಡುವೆ. ತಳ್ಳುವ ಕೆಲಸ ಬಂದದ್ದು ನನಗೆ ಮತ್ತು ಅಜ್ಜಿಗೆ, ದಾರಿಯಲ್ಲಿ ಸಿಕ್ಕವರಿಗೆ. ಅಪ್ಪ ಸ್ಟಿಯರಿಂಗ್ ಹಿಡಿದು ಕೂರಬೇಕಲ್ಲ, ಅವನು ತಳ್ಳುವ ಪ್ರಶ್ನೆಯೇ ಇಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ಇನ್ನೊಸಿ, ಇನ್ನೊಸಿ, ಊಟ ಮಾಡಿಲ್ವಾ?" ಎಂದು ಕೂಗುತ್ತಿದ್ದ. ಹತ್ತು ವರ್ಷದ ನಾನು, ಅರವತ್ತು ದಾಟಿದ ಅಜ್ಜಿ ಹಿಂದಿನಿಂದ ಹೆಗಲು ಕೊಡುತ್ತಿದ್ದೆವು. ಬೀದಿ ತಲುಪಿದ ಮೇಲಾದರೂ ಇಂಜಿನ್ ಹತ್ತಿಕೊಳ್ಳಬೇಕಲ್ಲ? ನಾಲ್ಕು ದಿನಕ್ಕೊಮ್ಮೆ ಹತ್ತಿಕೊಳ್ಳುತ್ತಿತ್ತು. ಉಳಿದ ಮೂರು ದಿನ ಊರ ಮುಂದಿನ ಇಳಿಜಾರಿನವರೆಗೂ ತಳ್ಳಬೇಕಾಗುತ್ತಿತ್ತು. ಶಾಲೆಯಲ್ಲಿ ನನ್ನ ಸಮವಸ್ತ್ರದ ಹೆಗಲ ಮೇಲೆ ಸದಾ ಒಂದು ಕಪ್ಪು ಪಟ್ಟೆ ಇರುತ್ತಿತ್ತು.

ಕಾರಿನ ದೆಸೆಯಿಂದ ಮನೆಯ ಒಳಗೂ ಏನೊಂದೂ ಇದ್ದಲ್ಲಿ ಇರಲಿಲ್ಲ. ಅವ್ವನ ಹಳೆಯ ಸೀರೆಗಳು ಒರೆಸುವ ಬಟ್ಟೆಯಾದವು. ಒಂದು ಸಲ ಹಳೆಯದಲ್ಲದ ಸೀರೆಯೂ ಆಯಿತು. ಬಚ್ಚಲಿನಲ್ಲಿ ನೀರು ತೋಡುವ ತಾಮ್ರದ ಚೊಂಬು ರೇಡಿಯೇಟರಿಗೆ ನೀರು ಹುಯ್ಯಲು ಹೋಯಿತು. ಬ್ಯಾಟರಿ ನಡುಮನೆಯ ಮೂಲೆಗೆ ಬಂದು ಕುಳಿತುಕೊಂಡಿತು, ಅದನ್ನು ದಾಟಿ ದೇವರ ಗೂಡಿಗೆ ಹೋಗಬೇಕಿತ್ತು. ಎಡಗಡೆಯ ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಮಳೆ ಒರೆಸುವ ಕಡ್ಡಿ ಅಪ್ಪನ ಕಡೆ ಮಾತ್ರ ಆಡುತ್ತಿತ್ತು. ಇವನ್ನು ಸರಿಮಾಡಿಸಿ ಎಂದರೆ, ಬಾಗಿಲನ್ನು ಹೊರಗಿನಿಂದ ತೆಗೆದರಾಯಿತು, ಮಳೆಯಲ್ಲಿ ರಸ್ತೆ ನೋಡಬೇಕಾದವನು ನಾನು ತಾನೇ ಎನ್ನುತ್ತಿದ್ದ. ಭಾನುವಾರ ಇಡೀ ದಿನ ಬಾನೆಟ್ಟಿನೊಳಗೆ ತಲೆ ಹುದುಗಿಸಿಕೊಂಡಿದ್ದು, ಪೆಟ್ರೋಲು ವಾಸನೆ ಹೊಡೆಯುತ್ತ ಊಟಕ್ಕೆ ಬಂದರೆ ಅವ್ವ ಒಳಗೆ ಬಿಡುತ್ತಿರಲಿಲ್ಲ. ಮುದ್ದೆ, ಸಾರಿನ ತಟ್ಟೆಯನ್ನು ಹೊಸಿಲಿನಿಂದ ಜಗಲಿಗೆ ದೂಡುತ್ತಿದ್ದಳು. ಅಪ್ಪ ಜಗಲಿಯ ಮೇಲೆ ಒಬ್ಬನೇ ಕುಳಿತು, ಕಾರನ್ನೇ ನೋಡುತ್ತ ಮುದ್ದೆ ನುಂಗುತ್ತಿದ್ದ. ಅದರಿಂದ ಅವನಿಗೆ ಬೇಸರವಾದಂತೆ ಎಂದೂ ಕಾಣಲಿಲ್ಲ. ನಮಗೆ ರೇಗುತ್ತಿದ್ದದ್ದು ಅದಕ್ಕೇ.

ಅಪ್ಪನದೂ ಒಂದು ನ್ಯಾಯವಿತ್ತು ಎಂದು ಈಗ ಹೇಳಬೇಕು. ನಮ್ಮೂರಲ್ಲಿ ಆಗ ಇನ್ನೊಂದು ಕಾರು ಇರಲಿಲ್ಲ. ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು, ಗದ್ದೆಯಲ್ಲಿ ಬಿದ್ದವರನ್ನು ಅವನು ಕೇಳಿದ ತಕ್ಷಣ ಚನ್ನಪಟ್ಟಣದ ಆಸ್ಪತ್ರೆಗೆ ಒಯ್ಯುತ್ತಿದ್ದ. ತಳ್ಳಲು ಆಗ ಇಡೀ ಬೀದಿಯೇ ಬರುತ್ತಿತ್ತು. ಜನ ಅವನನ್ನು "ಕಾರಣ್ಣ" ಎಂದು ಕರೆಯತೊಡಗಿದರು. ಜಮೀನಿದ್ದೂ, ಬೆಳೆ ಬೆಳೆದೂ ಸಿಗದ ಒಂದು ಗೌರವ ಅವನಿಗೆ ಆ ಹಳದಿ ಡಬ್ಬಿಯಿಂದ ಸಿಕ್ಕಿತ್ತು. ಹುಳು ಸಾಕಿ, ಗೂಡು ಬಿಡಿಸಿ, ರಾಮನಗರದ ಮಾರ್ಕೆಟ್ಟಿಗೆ ಹಾಕಿ ಮನೆ ನಡೆಸುತ್ತಿದ್ದವಳು ಅವ್ವ ಎಂಬುದು ಊರಿಗೆಲ್ಲ ಗೊತ್ತಿತ್ತು. ಕಾರು ಬಂದ ಮೇಲೆ ಅಪ್ಪನಿಗೂ ಒಂದು ಕೆಲಸ ಬಂದಂತಾಗಿತ್ತು.

ನಾನು ಹಿಂದಿನಿಂದ ತಳ್ಳುವವಳಾದ್ದರಿಂದ, ಕಾರು ಚಪ್ಪರದಿಂದ ಹೊರಬಿದ್ದ ಮೇಲೆ ಅದು ನಿಂತಿದ್ದ ನೆಲ ಮೊದಲು ಕಾಣುತ್ತಿದ್ದದ್ದು ನನಗೆ. ಇಂಜಿನ್ ಇದ್ದ ಕಡೆ ಕರಿಯ ಎಣ್ಣೆ ಸೋರಿದ ಗುರುತು ಯಾವಾಗಲೂ ಇರುತ್ತಿತ್ತು. ದೀಪಾವಳಿಯ ಹೊತ್ತಿಗೆ ಹಿಂದಿನ ಎಡ ಚಕ್ರ ನಿಂತಿದ್ದ ಕಡೆಯೂ ಒಂದು ಒದ್ದೆ ಕಾಣಿಸಿತು. ಕಪ್ಪಗಿರಲಿಲ್ಲ, ಮುಟ್ಟಿದರೆ ಹರಳೆಣ್ಣೆಯ ಹಾಗೆ ಜಿಗುಟಾಗಿತ್ತು. ಚಕ್ರದ ಒಳಬದಿಯಲ್ಲೂ ಅದೇ ಇಳಿದಿತ್ತು. ಅಪ್ಪನಿಗೆ ಹೇಳಿದೆ. ಅವನು ಬಗ್ಗಿ ನೋಡಿ, ಬೆರಳಲ್ಲಿ ಒತ್ತಿ, ಮೂಸಿ, ನನ್ನನ್ನೂ ಕೂರಿಸಿಕೊಂಡು ಚನ್ನಪಟ್ಟಣದ ಮಸ್ತಾನ್ ಸಾಬರ ಗ್ಯಾರೇಜಿಗೆ ಹೊರಟ. ಸಾಬರು ನಮ್ಮ ಕಾರಿನ ಒಂದೊಂದು ನಟ್ಟನ್ನೂ ಬಲ್ಲವರು, ಜೋರು ಮಾತಾಡದ ಮನುಷ್ಯ. ಚಕ್ರ ಬಿಚ್ಚಿ ಒಳಗೆ ನೋಡಿದವರು ಬಹಳ ಹೊತ್ತು ಏಳಲಿಲ್ಲ.

"ಯಜಮಾನ್ರೇ, ಬ್ರೇಕ್ ಆಯಿಲ್ ಇಲ್ಲಿಂದ ಹೊರಗೆ ಬರ್ತಾ ಐತೆ. ಇವತ್ತು ಹನಿ, ನಾಳೆ ಪೂರಾ ಹೋಗ್ಬುಡ್ತದೆ. ಗಾಡಿ ಬುಟ್ ಹೋಗಿ. ಸಾಮಾನು ಬೆಂಗಳೂರಿಂದ ತರ್ಬೇಕು. ಎಂಟತ್ತು ದಿನ ಆಯ್ತದೆ."

"ಈಗ್ ಆಗಕಿಲ್ಲ ಸಾಬ್ರೇ. ಬಾಮೈದನ ಮದ್ವೆ ಐತೆ. ಗಂಡು ಈ ಕಾರಲ್ಲೇ ಬರ್ಬೇಕು ಅಂತ ಮಾತ್ ಕೊಟ್ಟಿವ್ನಿ."

"ಮದ್ವೆ ಯಾವಾಗ?"

"ಸಂಕ್ರಾಂತಿ ಕಳುದ್ ಮ್ಯಾಲೆ."

"ಅಲ್ಲೀಗಂಟ ಬಹಳ ದಿನ ಐತಲ್ಲ ಅಣ್ಣಾ. ಈಗ್ಲೇ ಬುಟ್ರೆ ಮದ್ವೆಗೆ ಹೊಸದಾಗಿ ಬತ್ತದೆ."

ಅಪ್ಪ ಬಿಡಲಿಲ್ಲ. ಬೆಂಗಳೂರಿನ ಸಾಮಾನು ಹೇಳಿದ ದಿನಕ್ಕೆ ಬರುವುದಿಲ್ಲ, ಒಂದು ಸಲ ಗ್ಯಾರೇಜಿಗೆ ಬಿಟ್ಟ ಗಾಡಿ ಹೊರಬರಲು ಎಷ್ಟು ದಿನವೋ, ಅಷ್ಟರಲ್ಲಿ ಮದುವೆ ಬಂದುಬಿಟ್ಟರೆ ಅವ್ವನ ತವರಾದ ಕನಕಪುರದವರ ಮುಂದೆ ತಲೆ ಎತ್ತುವುದು ಹೇಗೆ ಎಂಬುದು ಅವನ ವಾದ. ಒಂದು ಡಬ್ಬ ಬ್ರೇಕ್ ಆಯಿಲ್ ಇಸಿದುಕೊಂಡು, ಕಡಿಮೆಯಾದಾಗ ಹುಯ್ದುಕೊಳ್ಳುತ್ತೇನೆ ಎಂದು ಹೊರಟೇಬಿಟ್ಟ. ಸಾಬರು ಕಾರಿನ ಜೊತೆಗೆ ನಾಲ್ಕು ಹೆಜ್ಜೆ ನಡೆದುಬಂದು, ದಿನಾ ನೋಡಿ, ಮರೀಬ್ಯಾಡಿ ಎಂದು ಹೇಳಿ ನಿಂತರು. ದಾರಿಯಲ್ಲಿ ಅಪ್ಪ ನನ್ನ ಕಡೆ ತಿರುಗಿದ.

"ಮಗ, ಇದ್ನ ಅವ್ವಂಗೆ ಹೇಳ್ಬ್ಯಾಡ. ಸುಮ್ಕೆ ಗಾಬ್ರಿ ಬೀಳ್ತಳೆ. ಇನ್ಮ್ಯಾಲೆ ಎಲ್ಲೋದ್ರೂ ಮುಂದಿನ್ ಸೀಟು ನಿಂದೇ, ಆಯ್ತಾ?"

ಮುಂದಿನ ಸೀಟು ಅವ್ವನದಾಗಿತ್ತು. ಅಲ್ಲಿ ಕುಳಿತರೆ ಗಾಳಿ ಮುಖಕ್ಕೆ ಬೀಸುತ್ತದೆ, ಊರಿನ ಹುಡುಗಿಯರಿಗೆಲ್ಲ ನಾನು ಕಾಣುತ್ತೇನೆ. ಆಯ್ತು ಎಂದೆ. ಅಂದಿನಿಂದ ಅವ್ವ ಕಾರಿನಲ್ಲಿ ಬರುವ ದಿನ ನಾನು ಮುಂದೆ ಕೂರುತ್ತೇನೆಂದು ರಚ್ಚೆ ಹಿಡಿಯುವುದು, ಅಪ್ಪ "ಮಗ ಆಸೆ ಪಡ್ತೈತೆ, ಕುಂತ್ಕಳ್ಳಿ ಬುಡು" ಎನ್ನುವುದು, ಅವ್ವ ಗೊಣಗುತ್ತ ಹಿಂದೆ ಹೋಗುವುದು ನಡೆಯಿತು. ಬೆಳಿಗ್ಗೆ ತಳ್ಳಿ ಮುಗಿದ ಮೇಲೆ ನೆಲದ ಆ ಒದ್ದೆಯ ಮೇಲೆ ಕಾಲಿನಿಂದ ಮಣ್ಣು ಎಳೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅಪ್ಪ ಅದನ್ನು ಹೇಳಿರಲಿಲ್ಲ.

ಈಗ ನನ್ನದೂ ಒಂದು ಕಾರಿದೆ. ರಾಮನಗರದ ಮನೆಯ ಮುಂದಿನಿಂದ ಅದನ್ನು ತೆಗೆಯುವ ಮುನ್ನ ಬಗ್ಗಿ ಕೆಳಗೆ ನೋಡುತ್ತೇನೆ. ಮಂಡಿ ನೋವು ಬಂದ ಮೇಲೂ ಬಿಟ್ಟಿಲ್ಲ. ಸರ್ವೀಸಿಗೆ ಬಿಟ್ಟರೆ ನಾಲ್ಕೂ ಚಕ್ರ ಬಿಚ್ಚಿಸಿ, ಪಕ್ಕದಲ್ಲೇ ನಿಂತು ನೋಡುತ್ತೇನೆ. ಅಲ್ಲಿನವರು, ಮೇಡಂ, ಏನಾದರೂ ಇದ್ದರೆ ಸ್ಕ್ರೀನಿನಲ್ಲೇ ತೋರಿಸುತ್ತದೆ, ನೀವು ಎಸಿಯಲ್ಲಿ ಕೂತು ಕಾಫಿ ಕುಡಿಯಿರಿ ಎನ್ನುತ್ತಾರೆ. ನನ್ನ ಗಂಡ ನಾನು ಬಗ್ಗುವುದನ್ನು ಕಂಡರೆ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಡುತ್ತಾನೆ. ಬಿಡಲಿ. ಇವರಿಗೆಲ್ಲ ಕಾರಣ ಹೇಳುತ್ತ ಕೂರಲು ನನಗೆ ತಾಳ್ಮೆ ಇಲ್ಲ, ಇಲ್ಲಿ ಬರೆದಿಡುತ್ತಿದ್ದೇನೆ.

ಮದುವೆ ಬಂತು. ಅವ್ವನ ತಮ್ಮನದು, ಕನಕಪುರದಲ್ಲಿ. ರೇಷ್ಮೆ ಹುಳು ಪೊರೆ ಕಳಚಲು ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಅವಕ್ಕೆ ಹೊಟ್ಟೆಬಾಕತನ ಬಂದು, ವಾರವಿಡೀ ರಾತ್ರಿ ಹಗಲು ಸೊಪ್ಪು ಹಾಕಿದರೂ ಸಾಲುವುದಿಲ್ಲ. ಅವ್ವ ಮೊಟ್ಟೆ ತರುವಾಗಲೇ ಲೆಕ್ಕ ಹಾಕಿ, ನಾಲ್ಕನೇ ಜ್ವರಕ್ಕೆ ಹುಳು ಮಲಗುವ ದಿನವೂ ತಮ್ಮನ ಧಾರೆಯೂ ಒಂದೇ ಆಗುವಂತೆ ಹೊಂದಿಸಿಕೊಂಡಿದ್ದಳು. ಅಜ್ಜಿಯನ್ನು ಹುಳುಮನೆಯ ಕಾವಲಿಗೆ ಬಿಟ್ಟು ಹೊರಟೆವು. ಮದುಮಗ ಹೂವಿನ ಹಾರ ಹೊದ್ದ ನಮ್ಮ ಕಾರಿನಲ್ಲೇ ಛತ್ರಕ್ಕೆ ಬಂದ. ಅಪ್ಪ ಗರಿಗರಿ ಬಿಳಿ ಅಂಗಿ ತೊಟ್ಟು, ಊಟಕ್ಕೂ ಕಾರು ಬಿಟ್ಟು ಇಳಿಯಲೊಲ್ಲದೆ ಕುಳಿತಿದ್ದ. ಬ್ರೇಕನ್ನು ಎರಡು ಸಲ ಒತ್ತಿದರೆ ಮಾತ್ರ ಹಿಡಿಯುತ್ತಿದೆ ಎಂಬುದು ಪಕ್ಕದಲ್ಲಿ ಕುಳಿತ ನನಗೆ ಗೊತ್ತಾಗುತ್ತಿತ್ತು. ಮರುದಿನ ಬೆಳಿಗ್ಗೆ ಡಬ್ಬದಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಹುಯ್ದ. ದಾರಿಯಲ್ಲಿ ಕಬ್ಬಾಳಮ್ಮನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಹೋಗೋಣ ಎಂದಳು ಅವ್ವ. ಮಾಡಿಸಿದೆವು. ಅಮ್ಮನವರ ಕುಂಕುಮವನ್ನು ಅಪ್ಪ ತನ್ನ ಹಣೆಗಿಂತ ಮೊದಲು ಬಾನೆಟ್ಟಿಗೆ ಇಟ್ಟ.

ಕಬ್ಬಾಳಿನಿಂದ ದೊಡ್ಡ ರಸ್ತೆಗೆ ಬರುವ ದಾರಿಯಲ್ಲಿ ಒಂದು ಇಳಿಜಾರಿತ್ತು. ಇಳಿಜಾರಿನ ಕೊನೆಗೆ, ರಸ್ತೆಯ ಅಗಲಕ್ಕೂ ಹುರುಳಿ ಗಿಡ ಹರಡಿತ್ತು. ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆಗಳೆಲ್ಲ ಹೀಗೇ. ಬಸ್ಸು, ಲಾರಿ ಮೇಲೆ ಹರಿದು ಕಾಳು ಬಿಡಿಸಿಕೊಡುತ್ತವೆ. ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ, ಪೊರಕೆಯಲ್ಲಿ ಕಾಳು ಗುಡ್ಡೆ ಮಾಡುತ್ತಿದ್ದಳು. ಅಪ್ಪ ಬ್ರೇಕು ಒತ್ತಿದ. ಪೆಡಲು ಮೆತ್ತಗೆ ಹೋಗಿ ನೆಲ ಮುಟ್ಟಿತು. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ. ಕೈ ಬ್ರೇಕು ಎಳೆದ. ಅದು ಮನೆಗೆ ಬಂದ ದಿನದಿಂದಲೂ ಹೆಸರಿಗೆ ಮಾತ್ರ ಇತ್ತು. ಹಾರನ್ ಒತ್ತಿ ಹಿಡಿದ. ಹೆಂಗಸು ತಿರುಗಿ ನೋಡಿ, ಎಲ್ಲ ಗಾಡಿಗಳೂ ನಿಧಾನ ಮಾಡುವಂತೆ ಇದೂ ಮಾಡುತ್ತದೆ ಎಂದುಕೊಂಡು ನಿಂತೇ ಇದ್ದಳು. ಅವಳ ಮುಖ ದೊಡ್ಡದಾಗುತ್ತ ಬಂದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಯ ಗಳಿಗೆಯಲ್ಲಿ ಅವಳು ಪೊರಕೆ ಎಸೆದು ಚರಂಡಿಗೆ ಹಾರಿದಳು. ಅಪ್ಪ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದ. ಕಾರು ಹುರುಳಿಯ ಮೇಲೆ ಹಾದು, ರಸ್ತೆ ಇಳಿದು, ಕೊಯ್ದ ಹೊಲದಲ್ಲಿ ಎತ್ತಿಹಾಕಿ ಎತ್ತಿಹಾಕಿ ಓಡಿ, ಬದುವಿಗೆ ಮೂತಿ ಗುದ್ದಿ ನಿಂತಿತು.

ನನಗೆ ಹಣೆ ಊದಿತು, ಅಷ್ಟೆ. ಅಪ್ಪನಿಗೆ ಏನೂ ಆಗಲಿಲ್ಲ. ಹಿಂದೆ ಕುಳಿತಿದ್ದ ಅವ್ವ ಮುಂದಿನ ಸೀಟಿಗೆ ಅಪ್ಪಳಿಸಿ, ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದಳು. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಬರುತ್ತಿದ್ದ ಬಸ್ಸು ನಿಂತು ಜನ ಇಳಿದರು. ಚರಂಡಿಯಿಂದ ಎದ್ದು ಬಂದ ಹೆಂಗಸಿನ ಮೊಣಕಾಲಿನಲ್ಲಿ ರಕ್ತ ಇಳಿಯುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಬಿಳಿ ಅಂಗಿಯ ಅಪ್ಪನನ್ನು, ಹೂವಿನ ಹಾರದ ಕಾರನ್ನು, ರೇಷ್ಮೆ ಸೀರೆಯ ಅವ್ವನನ್ನು ನೋಡಿದರು.

"ಏನಾಯ್ತು ಸ್ವಾಮಿ?" ಎಂದು ಒಬ್ಬ ಕೇಳಿದ.

ಅಪ್ಪ ರಸ್ತೆಯ ಕಡೆ ಕೈ ತೋರಿಸಿದ. "ಹುರುಳಿ ಮ್ಯಾಲೆ ಟೈರು ಜಾರ್ಬುಡ್ತು," ಎಂದ.

ಅಷ್ಟೇ ಸಾಕಾಯಿತು. "ರಸ್ತೆ ಏನ್ ನಿಮ್ಮಪ್ಪಂದಾ?" ಎಂದು ಒಬ್ಬ ಆ ಹೆಂಗಸಿನ ಮೇಲೆ ಬಿದ್ದ. ಇನ್ನೊಬ್ಬ ಗುಡ್ಡೆ ಮಾಡಿದ್ದ ಕಾಳನ್ನು ಕಾಲಿನಿಂದ ಚರಂಡಿಗೆ ಒದ್ದ. ಅವಳು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಜಾರಲಿಲ್ಲ, ಬ್ರೇಕೇ ಇರಲಿಲ್ಲ ಎಂಬ ಮಾತು ನನ್ನ ಬಾಯಲ್ಲಿತ್ತು. ನಾನು ನನ್ನ ಹೊಸ ಚಪ್ಪಲಿ ನೋಡಿಕೊಂಡು ನಿಂತೆ.

ಕನಕಪುರದ ಆಸ್ಪತ್ರೆಯಲ್ಲಿ ಅವ್ವನ ಕೈಗೆ ಕಟ್ಟು ಹಾಕಿದರು. ಕಾರನ್ನು ಅಪ್ಪ ಟ್ರಾಕ್ಟರಿಗೆ ಕಟ್ಟಿಸಿ ಮಸ್ತಾನ್ ಸಾಬರ ಗ್ಯಾರೇಜಿಗೆ ಎಳೆಸಿದ. ನಾವು ಮನೆ ಸೇರುವ ಹೊತ್ತಿಗೆ ಹುಳುಗಳು ಜ್ವರ ಎದ್ದು, ತಲೆ ಎತ್ತಿ ಮೇವಿಗೆ ಹುಡುಕುತ್ತಿದ್ದವು. ಅವ್ವ ರೇಷ್ಮೆ ಸೀರೆಯನ್ನೂ ಬಿಚ್ಚದೆ ಎಡಗೈಯಲ್ಲೇ ಸೊಪ್ಪು ಹಾಕತೊಡಗಿದಳು. ಅಪ್ಪ ಸೋಪಿನಲ್ಲಿ ಮೂರು ಸಲ ಕೈ ತೊಳೆದು ಬಂದು ಹೊಸಿಲಾಚೆ ನಿಂತ. ಅವಳು ಒಳಗೆ ಬನ್ನಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನು ಬುಟ್ಟಿ ಎತ್ತಿಕೊಂಡ.

ನೋಡಲು ಬಂದವರಿಗೆಲ್ಲ ಅಪ್ಪ ಹುರುಳಿಯ ಕತೆ ಹೇಳಿದ. ಒಬ್ಬೊಬ್ಬರು ಬಂದಂತೆ ಹುರುಳಿ ರಾಶಿ ಎತ್ತರವಾಗುತ್ತ ಹೋಯಿತು, ಆ ಹೆಂಗಸು ಕೂಗಿದರೂ ಸರಿಯದ ಮೊಂಡಿಯಾದಳು. ನಾಲ್ಕನೇ ದಿನ ಅವ್ವನ ಅಣ್ಣ, ನನ್ನ ಸೋದರಮಾವ, ಕನಕಪುರದಿಂದ ಬಂದ. ನಡುಮನೆಯಲ್ಲಿ ಕಾಫಿ ಲೋಟ ಹಿಡಿದು ಕತೆಯನ್ನೆಲ್ಲ ಕೇಳಿದ.

"ಭಾವ, ಇಂಥೋರ್ನ ಸುಮ್ಕೆ ಬುಡಬಾರ್ದು. ನಡೀರಿ, ಸ್ಟೇಷನ್ನಾಗೆ ಅವಳ ಮ್ಯಾಲೆ ಒಂದ್ ಕಂಪ್ಲೇಂಟ್ ಕೊಟ್ ಬರಾನ. ನನಗೆ ಗೊತ್ತಿರೋರು ಅವ್ರೆ."

ಅಪ್ಪ ಬೇಡ ಎನ್ನುತ್ತಾನೆ ಎಂದು ಕಾದೆ. ಅವನು ಲೋಟದೊಳಗೆ ನೋಡುತ್ತ, "ನೋಡಾನ ತಡಿ," ಎಂದ. ನನಗೆ ಎಲ್ಲಿತ್ತೋ ರೋಷ ಬಂತು. ಅಪ್ಪನ ಮೇಲೋ, ಮಾವನ ಮೇಲೋ, ಚಪ್ಪಲಿ ನೋಡಿಕೊಂಡು ನಿಂತಿದ್ದ ನನ್ನ ಮೇಲೋ ಗೊತ್ತಾಗಲಿಲ್ಲ.

"ಜಾರ್ಲಿಲ್ಲ ಮಾವ," ಎಂದೆ. "ಬ್ರೇಕೇ ಇರ್ಲಿಲ್ಲ. ಮೊದ್ಲೇ ಕೆಟ್ಟೋಗಿತ್ತು. ಮಸ್ತಾನ್ ಸಾಬ್ರು ಗಾಡಿ ಬುಟ್ ಹೋಗಿ ಅಂದಿದ್ರು."

ಮಾವ ಲೋಟ ಕೆಳಗಿಟ್ಟ. ಅಪ್ಪ ನನ್ನನ್ನು ನೋಡಲಿಲ್ಲ. ಹುಳುಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಹತ್ತಿರ ಬಂದಳು.

"ಯಾವಾಗಿಂದ ಗೊತ್ತಿತ್ತು ಶಾರಿ?"

"ದೀಪಾವಳಿಯಿಂದ."

ಅವಳು ತನ್ನ ಕೈಯ ಕಟ್ಟನ್ನು ನೋಡಿಕೊಂಡಳು. "ಮುಂದಿನ್ ಸೀಟಿಗಾ?" ಎಂದಳು.

ನಾನು ತಲೆ ಆಡಿಸಿದೆ. ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಹುಳುಮನೆಗೆ ಹಿಂತಿರುಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಂದಿನಿಂದ ನನ್ನನ್ನು ಒಳಗೆ ಬಿಡಲಿಲ್ಲ. ಒಂದು ಕೈಯಲ್ಲಿ ತಟ್ಟೆ ಇಳಿಸಲಾಗದೆ ಒದ್ದಾಡುತ್ತಿದ್ದಳು, ಎದೆಯಲ್ಲಿ ಒತ್ತಿ ಹಿಡಿದು ಇಳಿಸುತ್ತಿದ್ದಳು. ನಾನು ಹೊಸಿಲಿನಲ್ಲಿ ನಿಂತು ನಾನೂ ಬರಲಾ ಎಂದರೆ, "ಬ್ಯಾಡ, ಓದ್ಕೊ ಹೋಗು," ಎನ್ನುತ್ತಿದ್ದಳು. ಅಪ್ಪನಿಗೆ ಆ ಮನೆಯೊಳಗೆ ಜಾಗ ಸಿಕ್ಕಿತ್ತು, ನನಗೆ ಸಿಗಲಿಲ್ಲ. ಎಷ್ಟು ಅನ್ಯಾಯ ಎನಿಸಿತು. ಕೆಡಿಸಿದವನು ಅವನು, ನಿಜ ಹೇಳಿದವಳು ನಾನು. ಮೂರು ತಿಂಗಳು ಹೇಳದಿದ್ದವಳೂ ನಾನೇ ಎಂಬುದನ್ನು ನನ್ನಷ್ಟಕ್ಕೆ ನಾನು ಒಪ್ಪಿಕೊಳ್ಳಲು ಆ ವಾರವೆಲ್ಲ ಬೇಕಾಯಿತು.

ಹುಳು ಮೇವು ಮುಗಿಸಿ ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಹತ್ತಿ, ಗೂಡು ಕಟ್ಟಲು ಶುರುಮಾಡಿದ ಮಾರನೆಯ ದಿನ ಕಾರು ವಾಪಸು ಬಂತು. ಮಸ್ತಾನ್ ಸಾಬರೇ ಓಡಿಸಿಕೊಂಡು ಬಂದು, ಬೀದಿಯಲ್ಲಿ ನಿಲ್ಲಿಸಿದರು. ನಾಲ್ಕೂ ಚಕ್ರದ್ದು ಹೊಸ ಸಾಮಾನು ಹಾಕಿದ್ದೀನಿ ಎಂದರು. ಅಪ್ಪ ಹತ್ತು ದಿನದಲ್ಲಿ ಮೊದಲ ಸಲ ನಕ್ಕ. ಅವ್ವ ಕೊರಳಿಗೆ ಕಟ್ಟಿದ್ದ ಕೈಯನ್ನು ಹಿಡಿದುಕೊಂಡು ಜಗಲಿ ಇಳಿದು, ಕಾರನ್ನು ದಾಟಿ, ಇಪ್ಪತ್ತು ಹೆಜ್ಜೆ ಮುಂದಕ್ಕೆ ಹೋಗಿ ಬೀದಿಯ ನಡುವೆ ಕಾರಿಗೆ ಎದುರಾಗಿ ನಿಂತಳು.

"ಬನ್ನಿ. ಓಡಿಸ್ಕಂಡ್ ಬಂದು ನನ್ನ ಮುಂದೆ ನಿಲ್ಸಿ."

ಅಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಬಿಳುಚಿತು. "ಏನ್ ಹುಚ್ಚು ಇದು? ಪಕ್ಕಕ್ ಬಾ," ಎಂದ.

"ಬ್ರೇಕು ಸರಿಯಾಗೈತಲ್ಲ. ಬನ್ನಿ."

"ಅಕ್ಕಾ, ನಾನು ಓಡಿಸ್ತೀನಿ. ನಾನೇ ಮಾಡಿರೋ ಕೆಲ್ಸ, ನಂಬಿಕೆ ಐತೆ," ಎಂದರು ಸಾಬರು.

"ನಿಮ್ ಕೆಲ್ಸದ್ ಮ್ಯಾಲೆ ನಂಗೂ ನಂಬ್ಕೆ ಐತೆ ಸಾಬ್ರೇ. ನಿಮ್ ಮಾತ್ ಕೇಳ್ದೆ ಇದ್ದೋರು ಓಡಿಸ್ಲಿ."

ಬೀದಿಯ ಜನ ಬಾಗಿಲುಗಳಿಗೆ ಬಂದಿದ್ದರು. ಅಪ್ಪ ಹತ್ತಿ ಕುಳಿತ. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಕಾರು ಒಂದು ಮಾರು ಮುಂದೆ ಬಂದು ನಿಂತಿತು. ಮತ್ತೆ ಒಂದು ಮಾರು. ಆಮೇಲೆ ಅವನು ಇಂಜಿನ್ ಆರಿಸಿ, ಸ್ಟಿಯರಿಂಗನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ತಲೆ ತಗ್ಗಿಸಿದ.

"ನನ್ನ ಕೈಲಿ ಆಗಕಿಲ್ಲ ಕಣೆ."

ಅವ್ವ ನಿಂತಲ್ಲಿಂದಲೇ, ದನಿ ಎತ್ತರಿಸದೆ ಕೇಳಿದಳು: "ನಮ್ಮನ್ನ ಒಳಕ್ಕೆ ಕೂರಿಸ್ಕಂಡು ಓಡಿಸ್ದಾಗ ಆಯ್ತು. ಮುಂದೆ ನಿಂತ್ರೆ ಆಗಕಿಲ್ವಾ?"

ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಬರು ಆ ಕಡೆ ತಿರುಗಿ, ಬಟ್ಟೆಯಲ್ಲಿ ತಮ್ಮ ಕೈ ಒರೆಸಿಕೊಳ್ಳುತ್ತ ನಿಂತರು. ಅವ್ವ ಬಂದು ಮುಂದಿನ ಬಾಗಿಲು ತೆಗೆದು ಕುಳಿತುಕೊಂಡಳು.

"ನಡೀರಿ, ಕಬ್ಬಾಳ್ ರಸ್ತೆಗೆ. ಶಾರಿ, ಹಿಂದೆ ಹತ್ತು."

ದಾರಿಯುದ್ದಕ್ಕೂ ಅಪ್ಪ ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದ. ಇಳಿಜಾರಿನ ಬುಡದಲ್ಲಿ ಅದೇ ಹೆಂಗಸು ಇದ್ದಳು. ಹುರುಳಿ ಮುಗಿದು, ಈಗ ರಾಗಿ ತೆನೆ ಹರಡಿದ್ದಳು. ಕಾರನ್ನು ಗುರುತು ಹಿಡಿದು ಪೊರಕೆ ಎದೆಗೆ ಹಿಡಿದುಕೊಂಡು ರಸ್ತೆಯಂಚಿಗೆ ಸರಿದಳು. ಅಪ್ಪ ತೆನೆಯಂಚಿಗೆ ಕಾರು ನಿಲ್ಲಿಸಿ ಇಳಿದ. ನಾವೂ ಇಳಿದೆವು.

"ಆವತ್ತು ನಿನ್ ಹುರುಳೀದು ಏನೂ ತಪ್ಪಿರ್ಲಿಲ್ಲ ಕಣವ್ವ," ಎಂದ ಅಪ್ಪ. "ನನ್ನ ಬ್ರೇಕೇ ಕೆಟ್ಟಿತ್ತು. ಗೊತ್ತಿದ್ದೂ ಓಡಿಸ್ದೆ. ಜನದ್ ಮುಂದೆ ಸುಳ್ ಹೇಳ್ದೆ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಗೊತ್ತು ಬುಡಿ. ಮದ್ವೆಯಾಗಿ ಬಂದಾಗ್ನಿಂದ ಇಲ್ಲೇ ಒಕ್ಕಣೆ ಮಾಡ್ತಿವ್ನಿ. ಬಸ್ಸು, ಲಾರಿ ಎಲ್ಲಾ ಹೋಯ್ತವೆ. ಒಂದಾದ್ರೂ ಜಾರೈತಾ?"

"ಮತ್ತೆ ಆವತ್ತೇ ಯಾಕ್ ಹೇಳ್ಲಿಲ್ಲವ್ವ?" ಎಂದು ಅವ್ವ ಕೇಳಿದಳು.

"ಕಾರ್‌ನೋರು ಹೇಳಿದ್ ಮ್ಯಾಲೆ ನನ್ ಮಾತ್ ಯಾರವ್ವ ಕೇಳೋರು?" ಎಂದು, ಅವ್ವನ ಕೈ ಕಟ್ಟು ನೋಡಿ, ನನ್ನ ಕಡೆ ತಿರುಗಿದಳು. "ಈ ಮಗ ಆವತ್ತು ನನ್ ಮೊಖಾನೇ ನೋಡ್ಲಿಲ್ಲ. ಆಗ್ಲೇ ಅಂದ್ಕಂಡೆ, ಏನೋ ಐತೆ ಅಂತ."

ನಾನು ಈ ಸಲ ಅವಳ ಮುಖ ನೋಡಿದೆ. ಅಪ್ಪ ಕೈ ಜೋಡಿಸಿ, "ತಪ್ಪಾಯ್ತು ಕಣವ್ವ, ಹೊಟ್ಟೆಗೆ ಹಾಕ್ಕೊ..." ಎಂದು ಇನ್ನೂ ಏನೋ ಹೇಳಲು ಹೊರಟಿದ್ದ. ಅವಳಿಗೆ ತಾಳ್ಮೆ ಮುಗಿಯಿತು.

"ಅದೆಲ್ಲ ಆಮ್ಯಾಕೆ ಸ್ವಾಮಿ. ಮೊದ್ಲು ಆ ಕಾರ್ ಅತ್ಲಾಗ್ ತಗೀರಿ. ತೆನೆ ಮ್ಯಾಲೆ ನೆಳ್ಳು ಬಿದ್ದೈತೆ."

ಅಪ್ಪ ಹೋಗಿ, ಕಾರನ್ನು ಹಿಂದಕ್ಕೆ ತೆಗೆದ. ತೆನೆಯ ಮೇಲೆ ಬಿಸಿಲು ಬಿತ್ತು. ರಸ್ತೆಯಂಚಿನಲ್ಲಿ ಇನ್ನೊಂದು ಪೊರಕೆ ಒರಗಿಸಿತ್ತು. ಯಾರನ್ನೂ ಕೇಳದೆ ಅದನ್ನು ಎತ್ತಿಕೊಂಡು, ರಸ್ತೆಗೆ ಚದುರಿದ್ದ ರಾಗಿಯನ್ನು ಗುಡಿಸತೊಡಗಿದೆ.

"ಅಂಗಲ್ಲ ಕಣವ್ವ," ಎಂದಳು ಅವಳು, ಇನ್ನೂ ಸಿಡುಕುತ್ತಲೇ. "ಗಾಳಿ ಎತ್ಲಾಗಿಂದ ಬತ್ತೈತೆ ನೋಡ್ಕೊ. ಇತ್ಲಾಗಿಂದ ಗುಡ್ಸು."

ನಾನು ಅವಳು ತೋರಿಸಿದ ಕಡೆಗೆ ಹೋಗಿ, ಅಲ್ಲಿಂದ ಶುರುಮಾಡಿದೆ.